ಶಾಲೆಯ ಉತ್ತರಾಧಿಕಾರಿಗಳು: ಬರ್ಕ್ಲಿಯ ಕ್ವೇಕರ್ ಮಿತ್ರರಿಗೆ ಒಂದು ಬಹಿರಂಗ ಪತ್ರ



ವೈನ್ ಬೀದಿಯೂ ವಾಲ್ನಟ್ ಬೀದಿಯೂ ಕೂಡುವ ಮೂಲೆಯಲ್ಲಿರುವ ನಿಮ್ಮ ಸಭಾಗೃಹದ ಹಿಂದಿನ ಸಾಲಿನಲ್ಲಿ, ನಿಮ್ಮ ಸಮಾಜದ ಸದಸ್ಯತ್ವವನ್ನು ಪಡೆಯದೆ, ಆದರೆ ನಿಮ್ಮ ಮೌನದಲ್ಲಿ ಒಂದಿಷ್ಟು ಪಾಲನ್ನು ಪಡೆದು, ಭಾನುವಾರದ ಬೆಳಗುಗಳಲ್ಲಿ ಹಲವು ವರ್ಷಗಳಿಂದ ಕುಳಿತು ಎದ್ದು ಹೋಗುತ್ತಿರುವ ಕನ್ನಡ ನಾಡಿನ ವೃದ್ಧನೊಬ್ಬನು ಈ ಪತ್ರವನ್ನು ಬರೆಯುತ್ತಿರುವನು. ನಿಮ್ಮಲ್ಲಿ ಯಾರಿಗಾದರೂ ಹೇಳುವ ಪ್ರೇರಣೆಯುಂಟಾದಾಗ ಎದ್ದು ನಿಂತು ಹೇಳುವ ರೂಢಿಯುಂಟಷ್ಟೆ; ನನಗೂ ಆ ಪ್ರೇರಣೆ ಒಂದೆರಡು ಸಲ ಉಂಟಾಯಿತು. ಆದರೆ ನನ್ನ ಮನಸ್ಸಿನಲ್ಲಿದ್ದ ಮಾತು ಕನ್ನಡದಲ್ಲಿ ಹುಟ್ಟಿ ಕನ್ನಡದಲ್ಲಿಯೇ ನಿಂತುಬಿಟ್ಟುದರಿಂದಲೂ, ನೀವು ಎದುರಿಸಿದ ಪ್ರಶ್ನೆಯನ್ನು ನನ್ನ ನಾಡಿನ ಎಷ್ಟೋ ವಿದ್ಯಾಸಂಸ್ಥೆಗಳು ಇಂದಲ್ಲ ನಾಳೆ ಎದುರಿಸಬೇಕಾಗಿರುವುದರಿಂದಲೂ, ಇದನ್ನು ನನ್ನ ನುಡಿಯಲ್ಲಿ ಬರೆದು, ನಿಮ್ಮ ಹೆಸರಿಗೆ ಸಂಬೋಧಿಸಿ, ನನ್ನವರ ಮುಂದೆಯೂ ತೆರೆದಿಡುತ್ತಿದ್ದೇನೆ.

ವಿಷಯವು ನಿಮಗೆ ತಿಳಿದದ್ದೇ. ಕನ್ನಡದ ಓದುಗರಿಗಾಗಿ ಅದರ ಪೂರ್ವಾಪರವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಬರ್ಕ್ಲಿಯಿಂದ ಈಶಾನ್ಯಕ್ಕೆ, ಸ್ಯಾಕ್ರಮೆಂಟೊ ಬಯಲನ್ನು ದಾಟಿ, ಸಿಯೆರಾ ನೆವಾಡ ಪರ್ವತದ ತಪ್ಪಲನ್ನೇರಿದರೆ ಸಿಕ್ಕುವ ನೆವಾಡ ಸಿಟಿ ಎಂಬ ಸಣ್ಣ ಊರಿನ ಸಮೀಪದಲ್ಲಿ, ಪೈನ್ ಮರಗಳ ಮತ್ತು ಕರಿ ಓಕ್ ಮರಗಳ ನಡುವೆ, ಕೆಮ್ಮಣ್ಣಿನ ನೆಲದಲ್ಲಿ, ಕಾಲೇಜ್ ಪಾರ್ಕ್ ತ್ರೈಮಾಸಿಕ ಸಭೆ ಎಂಬ ಪ್ರಾದೇಶಿಕ ಕೂಟಕ್ಕೆ ಸೇರಿದ ಮಿತ್ರರು, ಎಂದರೆ ಕ್ವೇಕರರು, 1963ರಲ್ಲಿ ಒಂದು ವಸತಿಶಾಲೆಯನ್ನು ತೆರೆದು, ಅದಕ್ಕೆ ಹದಿನೆಂಟನೆಯ ಶತಮಾನದ ಸತ್ಪುರುಷನಾದ ಜಾನ್ ವುಲ್ಮನ್ನನ ಹೆಸರನ್ನಿಟ್ಟರು. ಹುಡುಗರೂ ಉಪಾಧ್ಯಾಯರೂ ಜೊತೆಯಾಗಿ ಅಡಿಗೆ ಮಾಡಿ, ಸೌದೆ ಒಡೆದು, ತೋಟದಲ್ಲಿ ದುಡಿದು, ಶಾಲೆಯ ನಿರ್ಣಯಗಳನ್ನು ಮೌನದಲ್ಲಿ ಕುಳಿತು ಕೈಗೊಳ್ಳುತ್ತಿದ್ದ ಆ ಜೀವನಕ್ರಮವನ್ನು ಕೇಳಿದಾಗ, ವಾರ್ಧಾದಲ್ಲಿ 1937ರಲ್ಲಿ ರೂಪುಗೊಂಡ, ದುಡಿಮೆಯೊಡನೆ ಕಲಿಸುವ ನಯೀ ತಾಲೀಮಿನ ನೆನಪು ನನ್ನಂಥವನಿಗೆ ಬಾರದಿರದು. ಮೂವತ್ತೆಂಟು ವರ್ಷಗಳಾದ ಮೇಲೆ, 2001ರಲ್ಲಿ, ಪ್ರೌಢಶಾಲೆ ಮುಚ್ಚಿತು. ಆಮೇಲೆ ಅದೇ ಆವರಣದಲ್ಲಿ ಅರ್ಧ ವರ್ಷದ ವಿಶೇಷ ವ್ಯಾಸಂಗವೊಂದು ನಡೆಯಿತು; ಬೇಸಗೆಯ ಮಕ್ಕಳ ಶಿಬಿರಗಳು ನಡೆದವು. ಸಂಚಾಲಕರು ಬದಲಾದರು, ಉದ್ದೇಶಗಳು ಬದಲಾದವು, ಒಂದೊಂದು ಬದಲಾವಣೆಗೂ ಕಟ್ಟಡಗಳ ಉಪಯೋಗವೂ ಬದಲಾಯಿತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಜೋನ್ಸ್ ಕಾಳ್ಗಿಚ್ಚು ಆ ಆವರಣವನ್ನೂ ಹೊಕ್ಕು ಹಲವು ಕಟ್ಟಡಗಳನ್ನು ಸುಟ್ಟಿತು. ಕಡೆಗೆ 2024ರಲ್ಲಿ, ಆ 232 ಎಕರೆ ಭೂಮಿಯು ಅದರ ಮೂಲನಿವಾಸಿಗಳಾದ ನಿಸೆನಾನ್ ಜನರ ಕೈಗೆ ಬಂದು, ಅವರ ಪೂರ್ವಿಕರ ಗ್ರಾಮದ ಹೆಸರಾದ ಯುಲಿಚಾ ಎಂಬ ಹೆಸರು ಅದಕ್ಕೆ ಮತ್ತೆ ಬಂದಿತು.

ಇಂಥ ಸಂದರ್ಭದಲ್ಲಿ ಎರಡು ಮಾತುಗಳು ತಾವಾಗಿ ನಾಲಗೆಯ ಮೇಲೆ ಬರುವುವು. ಶಾಲೆಯನ್ನು ಪ್ರೀತಿಸಿದವರು, ಶಾಲೆ ತೀರಿಹೋಯಿತು ಎನ್ನುವರು. ನ್ಯಾಯವನ್ನು ಪ್ರೀತಿಸುವವರು, ಭೂಮಿಯನ್ನು ಹಿಂದಕ್ಕೆ ಕೊಟ್ಟೆವು ಎನ್ನುವರು. ಇಬ್ಬರೂ ಸಜ್ಜನರೇ, ಎರಡು ಮಾತುಗಳ ಹಿಂದೆಯೂ ನಿಜವಾದ ಭಾವವಿರುವುದನ್ನು ನಾನು ಬಲ್ಲೆ. ಆದರೂ ಈ ಎರಡು ಮಾತುಗಳಲ್ಲಿ ಯಾವುದನ್ನೂ ನಿಮ್ಮ ನಡವಳಿಯ ಪುಸ್ತಕದಲ್ಲಿ ಕಡೆಯ ಮಾತಾಗಿ ಬರೆದಿಡಬಾರದೆಂದು ಪ್ರಾರ್ಥಿಸುವುದಕ್ಕಾಗಿಯೇ ನಾನು ಲೇಖನಿಯನ್ನು ಹಿಡಿದಿರುವುದು. ನಡೆದದ್ದು ಮರಣವೂ ಅಲ್ಲ, ದಾನವೂ ಅಲ್ಲ. ಅದು ಒಂದು ಉತ್ತರಾಧಿಕಾರ.

ಈ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಉತ್ತರ ಎಂಬುದಕ್ಕೆ ನಮ್ಮ ನುಡಿಯಲ್ಲಿ ಮುಂದೆ ಬರುವುದು ಎಂಬ ಅರ್ಥವೂ ಇದೆ, ಪ್ರಶ್ನೆಗೆ ಹೇಳುವ ಮರುನುಡಿ ಎಂಬ ಅರ್ಥವೂ ಇದೆ. ಒಬ್ಬನು ಇಳಿದ ಸ್ಥಾನಕ್ಕೆ ಮತ್ತೊಬ್ಬನು ಏರುವುದನ್ನು ಉತ್ತರಾಧಿಕಾರವೆಂದು ಕರೆಯುವಾಗ ನಾವು ಮೊದಲನೆಯ ಅರ್ಥವನ್ನಷ್ಟೇ ಎಣಿಸಿ, ಎರಡನೆಯದನ್ನು ಮರೆತುಬಿಡುತ್ತೇವೆ. ಮುಂದೆ ಬಂದವನಿಗೆ ಹಿಂದಿನವನ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಹೇಳುವ ಅಧಿಕಾರವಿರಬೇಕು. ಹಿಂದಿನವನು ಬರೆದುಕೊಟ್ಟ ಉತ್ತರವನ್ನೇ ಒಪ್ಪಿಸಬೇಕಾದವನು ಉತ್ತರಾಧಿಕಾರಿಯಾಗನು, ಹೆಚ್ಚೆಂದರೆ ಗುಮಾಸ್ತನಾದಾನು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾನು ಓದಿದ ಶಾಲೆ ಹಳೆಯ ಮೈಸೂರು ಸೀಮೆಯ ಒಂದು ಊರಿನಲ್ಲಿತ್ತು. ಅದರ ಹೆಸರನ್ನು ಇಲ್ಲಿ ಹೇಳಲಾರೆ. ಅದನ್ನು ಕಟ್ಟಿದವರು ಒಬ್ಬ ಮಹಾನುಭಾವರು. ಊರೂರು ತಿರುಗಿ ರಾಗಿಯನ್ನೂ ದುಡ್ಡನ್ನೂ ಬೇಡಿ ತಂದು, ತಮ್ಮ ಮನೆಯ ಜಗುಲಿಯಲ್ಲಿ ಆರಂಭಿಸಿ, ಮೂವತ್ತು ವರ್ಷಗಳಲ್ಲಿ ಅದಕ್ಕೆ ಹೆಂಚಿನ ಕಟ್ಟಡ, ಬಾವಿ, ಆಟದ ಬಯಲು, ವಿದ್ಯಾರ್ಥಿನಿಲಯ ಎಲ್ಲವನ್ನೂ ಮಾಡಿದರು. ಮಾಡದೆ ಉಳಿಸಿದ್ದು ಒಂದೇ: ತಮ್ಮ ನಂತರ ಯಾರು ಎಂಬ ಮಾತನ್ನು ತಮ್ಮೆದುರಿಗೆ ಯಾರೂ ಎತ್ತುವಂತೆ ಅವರು ಬಿಡಲಿಲ್ಲ. ಅವರ ಉತ್ತರಕ್ರಿಯೆ ಮುಗಿಯುವ ಮೊದಲೇ ಮಕ್ಕಳ ಪಕ್ಷವೆಂದೂ ಸಮಿತಿಯ ಪಕ್ಷವೆಂದೂ ಎರಡಾಗಿ, ಮುಖ್ಯೋಪಾಧ್ಯಾಯರ ಕುರ್ಚಿ ನ್ಯಾಯಾಲಯದ ವಸ್ತುವಾಯಿತು, ವಿದ್ಯಾರ್ಥಿನಿಲಯ ಗೋದಾಮಾಯಿತು, ಆಟದ ಬಯಲಿನ ಬೀದಿಯ ಅಂಚಿನಲ್ಲಿ ಅಂಗಡಿಗಳು ಎದ್ದವು. ಕೋರ್ಟು ಕಡೆಗೆ ಒಂದು ಪಕ್ಷಕ್ಕೆ ಜಯವನ್ನು ಕೊಟ್ಟಾಗ ಗೆದ್ದವರಿಗೆ ಪಾಠ ಹೇಳಿಸಲು ಮಕ್ಕಳು ಉಳಿದಿರಲಿಲ್ಲ. ಮೂರು ದಶಕಗಳ ಅನಂತರ ಹೋಗಿ ನೋಡಿದಾಗ ಬಾವಿಯ ಕಟ್ಟೆಯ ಮೇಲೆ ಆ ಮಹಾನುಭಾವರ ಹೆಸರು ಮಾತ್ರ ಓದುವಂತೆ ಇತ್ತು. ನಾನು ಬಹು ಹೊತ್ತು ಅಲ್ಲಿ ನಿಂತಿದ್ದೆ. ಅವರ ಮೇಲೆ ನನಗೆ ಇಂದಿಗೂ ಪೂಜ್ಯಭಾವವೇ ಇರುವುದು. ಆದರೆ ಆ ದಿನ ನನಗೆ ಅಳು ಬಂದದ್ದು ದುಃಖದಿಂದಲೋ ಸಿಟ್ಟಿನಿಂದಲೋ ಎಂಬುದನ್ನು ನಾನು ಇನ್ನೂ ನಿರ್ಧರಿಸಲಾರದವನಾಗಿದ್ದೇನೆ.

ಈ ವಿಷಯದಲ್ಲಿ ನಿಮ್ಮ ಪದ್ಧತಿಯು ನನ್ನನ್ನು ಮೊದಲಿನಿಂದಲೂ ಆಕರ್ಷಿಸಿತು. ನಿಮ್ಮ ವ್ಯವಹಾರಸಭೆಯಲ್ಲಿ ಕೈಯೆತ್ತಿಸಿ ಮತವೆಣಿಸುವುದಿಲ್ಲ. ಕ್ಲರ್ಕ್ ಎಂದು ಅತಿ ಸಾಮಾನ್ಯವಾದ ಹೆಸರನ್ನು ಹೊತ್ತು ಮುಂದೆ ಕುಳಿತವರು, ಎಲ್ಲರ ಮಾತನ್ನೂ ಮಾತುಗಳ ನಡುವಣ ಮೌನವನ್ನೂ ಕೇಳಿ, ಸಭೆಯ ಒಟ್ಟು ಭಾವವು ಎಲ್ಲಿ ನೆಲೆಗೊಂಡಿತೆಂಬುದನ್ನು ಗ್ರಹಿಸಿ, ಅದನ್ನು ಅಲ್ಲಿಯೇ ಬರೆದು, ಅಲ್ಲಿಯೇ ಓದಿ, ಎಲ್ಲರ ಒಪ್ಪಿಗೆಯನ್ನು ಪಡೆಯುವರು. ಒಪ್ಪಲಾರದವನು ತನ್ನ ಅಸಮ್ಮತಿಯನ್ನು ಬಿಡದೆಯೇ ಪಕ್ಕಕ್ಕೆ ನಿಲ್ಲಬಹುದು. ಕೆಲವು ವರ್ಷಗಳ ಸೇವೆ ಮುಗಿದ ಮೇಲೆ ಕ್ಲರ್ಕ್ ಆದವರು ಮತ್ತೆ ಎಲ್ಲರ ನಡುವಿನ ಬೆಂಚಿಗೆ ಮರಳುವರು. ನಮ್ಮ ಕಲ್ಯಾಣದ ಅನುಭವಮಂಟಪದ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಬಸವಣ್ಣನು ಅದನ್ನು ಸಿದ್ಧಗೊಳಿಸಿ ತಾನು ಏರದೆ ಪ್ರಭುವಿಗಾಗಿ ಕಾದನೆಂದೂ, ಅದನ್ನೇರಿದ ಅಲ್ಲಮಪ್ರಭುವು ಅದಕ್ಕೆ ಅಂಟಿಕೊಳ್ಳದೆ ಶ್ರೀಶೈಲದ ಕಡೆಗೆ ನಡೆದನೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುವುದು. ಕುಳಿತವನದಲ್ಲದ ಪೀಠವೆಂಬ ಈ ಕಲ್ಪನೆಯನ್ನು ನಿಮ್ಮ ಸಭೆಯಲ್ಲಿ ಬಣ್ಣವಿಲ್ಲದ ಮರದ ಬೆಂಚಿನ ರೂಪದಲ್ಲಿ ಕಂಡೆನಾದುದರಿಂದಲೇ ಪ್ರಾಯಶಃ ನಾನು ಎರಡನೆಯ ಭಾನುವಾರವೂ ಬಂದದ್ದು.

ನಿಮ್ಮವರೇ ಆದ ಮಾರ್ಜರಿ ಸೈಕ್ಸ್ ಅವರ ಜೀವನವು ಈ ವಿಷಯದಲ್ಲಿ ನನ್ನ ಪಾಲಿಗೆ ದೊಡ್ಡ ವ್ಯಾಖ್ಯಾನ. 1928ರಲ್ಲಿ ಇಂಗ್ಲೆಂಡಿನಿಂದ ಮದರಾಸಿಗೆ ಬಂದು ಬೆಂಟಿಂಕ್ ಬಾಲಿಕಾ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ, ಅನಂತರ ಅದರ ಮುಖ್ಯಸ್ಥೆಯಾಗಿ, ಅದನ್ನು ಬಿಟ್ಟು ಶಾಂತಿನಿಕೇತನಕ್ಕೆ ಹೋಗಿ, ಅಲ್ಲಿಂದ ಸೇವಾಗ್ರಾಮಕ್ಕೆ ಬಂದು ನಯೀ ತಾಲೀಮಿನ ಹೊಣೆಯನ್ನು ಹೊತ್ತು, ಅದನ್ನೂ ಬಿಟ್ಟು ನೀಲಗಿರಿಯ ಕೋಟಗಿರಿಯಲ್ಲಿ ನೆಲಸಿದ ಆ ತಾಯಿ, ಭಾರತದ ಪೌರತ್ವವನ್ನೂ ಪಡೆದರು. ಎಲ್ಲಿಯೂ ತಮ್ಮದೆಂದು ಒಂದು ಸಂಸ್ಥೆಯನ್ನು ಕಟ್ಟಿಕೊಳ್ಳಲಿಲ್ಲ. ಸಂಸ್ಥೆಯನ್ನು ಪ್ರವೇಶಿಸುವುದನ್ನು ಬಲ್ಲವರು ಅನೇಕರಿರುವರು. ಅದರಿಂದ ಹೊರಗೆ ಬರುವುದನ್ನು ಇಷ್ಟು ಸರಳವಾಗಿ ಬಲ್ಲವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಇನ್ನು ದಾನವೆಂಬ ಮಾತಿಗೆ ಬರುತ್ತೇನೆ. ಇದು ಕಠಿನವಾದ ಭಾಗ. ನಿಮ್ಮ ಸ್ನೇಹದ ಮೇಲಣ ಭರವಸೆಯಿಂದ ಹೇಳುತ್ತಿದ್ದೇನೆ. 1848ರಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹರಡಿ ಸಿಯೆರಾ ತಪ್ಪಲಿಗೆ ಜನಪ್ರವಾಹ ನುಗ್ಗಿತು. 1851 ಮತ್ತು 1852ರಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳೊಡನೆ ಸರಕಾರವು 18 ಒಪ್ಪಂದಗಳನ್ನು ಮಾಡಿಕೊಂಡಿತು; ಆದರೆ ಅಮೆರಿಕದ ಸೆನೆಟ್ ಅವನ್ನು ಅಂಗೀಕರಿಸದೆ, 1905ರವರೆಗೆ ಗುಪ್ತವಾಗಿ ಇಟ್ಟಿತು. 1913ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ನನ ಆಜ್ಞೆಯಿಂದ ನಿಸೆನಾನರಿಗೆ ನೆವಾಡ ಸಿಟಿಯ ಬಳಿ ಸುಮಾರು 75 ಎಕರೆಯ ರಾಂಚೆರಿಯಾ ಎಂಬ ಆಶ್ರಯಭೂಮಿ ದೊರೆಯಿತು. 1958ರ ಕಾಯಿದೆಯೊಂದರ ಬಲದಿಂದ, 1964ರಲ್ಲಿ, ಅದನ್ನೂ ರದ್ದುಗೊಳಿಸಿ, ನೆಲವನ್ನು ಹರಾಜು ಹಾಕಿದರು. ಅಂದು ಕಳೆದುಹೋದ ಸರಕಾರದ ಮನ್ನಣೆ ಅವರಿಗೆ ಇಂದಿಗೂ ಮರಳಿಲ್ಲ. ತಾರೀಖುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ: 1963ರಲ್ಲಿ ಶಾಲೆಯ ಮೊದಲನೆಯ ಗಂಟೆ ಬಾರಿಸಿತು, ಮರುವರ್ಷವೇ, ಅದೇ ಊರಿನ ಮಗ್ಗುಲಲ್ಲಿ, ಅಲ್ಲಿಯ ಜನರ ಹೆಸರು ಸರಕಾರದ ದಫ್ತರದಿಂದ ಅಳಿದುಹೋಯಿತು. ಶಾಂತಿಯನ್ನೂ ಸಮಾನತೆಯನ್ನೂ ಮಕ್ಕಳಿಗೆ ಕಲಿಸಬೇಕೆಂದು ಹೊರಟ ನಿಮ್ಮ ಹಿರಿಯರು ಆ ಅನ್ಯಾಯವನ್ನು ಮಾಡಿದವರಲ್ಲ. ಆದರೆ ಅವರು ಶಾಲೆ ಕಟ್ಟಿದ ನೆಲ ಆ ಅನ್ಯಾಯದ ಮೇಲೆಯೇ ನಿಂತಿತ್ತು.

ಮತ್ತೊಂದು ಸಂಗತಿಯನ್ನು ನಿಮ್ಮ ಸಮಾಜದವರೇ ಈಚಿನ ವರ್ಷಗಳಲ್ಲಿ ಧೈರ್ಯದಿಂದ ಹೊರಗೆ ತಂದಿರುವರು. ಮೂಲನಿವಾಸಿಗಳ ಬಗೆಗಿನ ಅಧ್ಯಕ್ಷ ಗ್ರಾಂಟನ 1869ರ ನೀತಿಯ ಆಶ್ರಯದಲ್ಲಿ ಕ್ವೇಕರರು ಮೂಲನಿವಾಸಿಗಳ ಮಕ್ಕಳಿಗಾಗಿ ಅನೇಕ ಶಾಲೆಗಳನ್ನು ನಡೆಸಿದರು. ಆ ಶಾಲೆಗಳಲ್ಲಿ ಮಕ್ಕಳ ನುಡಿ, ಉಡುಪು, ಹೆಸರು, ತಾಯಿತಂದೆಗಳ ಸಾಮೀಪ್ಯ ಇವೆಲ್ಲವನ್ನೂ ಹಿತದ ಹೆಸರಿನಲ್ಲಿ ಕಸಿದುಕೊಂಡದ್ದುಂಟು. ಶಾಲೆಯೆಂಬ ಪವಿತ್ರವಾದ ಶಬ್ದದ ಹಿಂದೆ ಆ ಜನರ ಕಿವಿಗೆ ಏನು ಕೇಳಿಸುವುದೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಆದಕಾರಣ ಯುಲಿಚಾದಲ್ಲಿ ನಿಸೆನಾನರು ಶಾಲೆಯನ್ನು ಮುಂದುವರಿಸುವರೆ, ನಮ್ಮ ಹಳೆಯ ಊಟದ ಮನೆಯನ್ನು ಉಳಿಸಿಕೊಳ್ಳುವರೆ, ಮೌನದ ಕೂಟಕ್ಕೆ ಎಡೆಯಿರುವುದೆ ಎಂಬ ಪ್ರಶ್ನೆಗಳನ್ನು, ಎಷ್ಟೇ ಪ್ರೀತಿಯಿಂದಲಾಗಲಿ, ಕೇಳದಿರುವುದು ಧರ್ಮ. ಅವರು ಅಲ್ಲಿ ಏನನ್ನೂ ಕಟ್ಟದೆ, ಓಕ್ ಮರಗಳ ಕೆಳಗೆ ಬಿದ್ದ ಕಾಯನ್ನು ಹೆಕ್ಕಿ, ಪೂರ್ವಿಕರಂತೆ ಬಂಡೆಯ ಒರಳಿನಲ್ಲಿ ಕುಟ್ಟಿ, ಮಕ್ಕಳಿಗೆ ಅಂಬಲಿ ಮಾಡಿಕೊಟ್ಟರೂ ಅದು ಪೂರ್ಣವಾದ ಉತ್ತರವೇ ಸರಿ.

ಅಲ್ಲದೆ ಆ ಭೂಮಿಯನ್ನು ಅವರು ಕ್ರಯಕ್ಕೆ ಪಡೆದರು. ಮನ್ನಣೆಯಿಲ್ಲದ ಆ ಸಣ್ಣ ಸಮುದಾಯವು ತಾನು ಕಟ್ಟಿಕೊಂಡ ಸೇವಾಸಂಸ್ಥೆಯ ಮೂಲಕ ಊರವರಿಂದಲೂ ಹಿತೈಷಿಗಳಿಂದಲೂ ಹಣವನ್ನು ಕೂಡಿಸಿ, ತನ್ನ ಪೂರ್ವಿಕರ ಗ್ರಾಮವನ್ನು ತಾನೇ ಕೊಂಡಿತು. ಶಾಲೆಯ ಮಂಡಲಿಗೂ ತೀರಿಸಬೇಕಾದ ಬಾಧ್ಯತೆಗಳಿದ್ದಿರಬಹುದು. ಅದನ್ನು ದೂಷಿಸುವುದು ನನ್ನ ಉದ್ದೇಶವಲ್ಲ, ಪರರಿಗಿಂತ ಮೊದಲು ಅವರಿಗೆ ದೊರೆತದ್ದು ಸುಕೃತವೇ. ಆದರೆ ಕ್ರಯಕ್ಕೆ ಹೋದದ್ದನ್ನು ಕೊಡುಗೆಯೆಂದು ಕರೆಯಲಾಗದು. ಸತ್ಯವನ್ನೇ ಆಡಬೇಕೆಂದು ನ್ಯಾಯಾಲಯದಲ್ಲಿ ಆಣೆಯಿಡುವುದನ್ನೂ ನಿರಾಕರಿಸಿದ ಜನ ನೀವು. ನಡವಳಿಯಲ್ಲಿ ಮಾರಿದೆವು ಎಂದೇ ಬರೆಯಿರಿ. ಮರಳುವುದೆಂಬ ಕ್ರಿಯಾಪದವನ್ನು ಉಪಯೋಗಿಸುವ ಹಕ್ಕು ನಿಸೆನಾನರಿಗೆ ಇರುವುದು. ಮರಳಿದೆವು ಎಂದು ಅವರು ಹೇಳಲಿ, ನಾವು ಕೇಳೋಣ.

ನೀವು ಶಾಲೆಗೆ ಹೆಸರನ್ನಿಟ್ಟುಕೊಂಡ ವುಲ್ಮನ್ನನು ಇದಕ್ಕೆ ಬೇರೆ ಏನನ್ನು ಹೇಳಿಯಾನು? ಬಣ್ಣವು ಕೊಳೆಯನ್ನು ಮರೆಮಾಡುವುದೆಂದು ಬಣ್ಣದ ಬಟ್ಟೆಯನ್ನೇ ಬಿಟ್ಟವನು ಅವನು. 1763ರಲ್ಲಿ, ಗಡಿಸೀಮೆಯೆಲ್ಲ ಯುದ್ಧದಿಂದ ಹೊತ್ತಿ ಉರಿಯುತ್ತಿರುವಾಗ, ಸಸ್ಕ್ವೆಹಾನಾ ನದಿಯ ದಡದ ವಯಲೂಸಿಂಗ್ ಎಂಬ ಮೂಲನಿವಾಸಿಗಳ ಗ್ರಾಮಕ್ಕೆ, ಅವರಿಂದ ತಾನು ಕಲಿಯಬೇಕಾದುದು ಏನಾದರೂ ಇದ್ದೀತೆಂಬ ಭಾವದಿಂದ, ಕಾಡುಬೆಟ್ಟಗಳನ್ನು ದಾಟಿ ಹೋದನು. ಅಲ್ಲಿ ಅವನು ದುಭಾಷಿಯಿಲ್ಲದೆ ಪ್ರಾರ್ಥಿಸಿದಾಗ, ಆ ಜನರ ಹಿರಿಯನಾದ ಪಪುನ್‌ಹಾಂಕನು, ಮಾತಿನ ಅರ್ಥ ತಿಳಿಯದಿದ್ದರೂ ಮಾತು ಹುಟ್ಟುವ ಎಡೆಯು ತನಗೆ ಅನುಭವಕ್ಕೆ ಬಂದಿತೆಂಬ ಭಾವವನ್ನು ವ್ಯಕ್ತಪಡಿಸಿದನಂತೆ. ನಿಮ್ಮ ಸಭೆಯಲ್ಲಿ ಕುಳಿತ ಕನ್ನಡಿಗನಿಗೂ ಆದದ್ದು ಅದೇ.

ನಮ್ಮ ಬರ್ಕ್ಲಿಗೂ ಈ ವಿಷಯ ಹೊಸದಲ್ಲ. ಅದೇ 2024ರ ಮಾರ್ಚಿನಲ್ಲಿ, ಓಲೋನಿ ಜನರ ಪುರಾತನ ಚಿಪ್ಪುದಿಣ್ಣೆಯಿದ್ದ ನಾಲ್ಕನೆಯ ಬೀದಿಯ 2.2 ಎಕರೆ ನೆಲವನ್ನು ಸೊಗೋರಿಯಾ ತೇ ಎಂಬ ಮೂಲನಿವಾಸಿ ಸ್ತ್ರೀಯರ ಭೂನ್ಯಾಸಕ್ಕೆ ಒಪ್ಪಿಸಲು ನಗರಸಭೆ ನಿರ್ಣಯಿಸಿತು. ಆ ನ್ಯಾಸಕ್ಕೆ ಇಲ್ಲಿಯ ನಿವಾಸಿಗಳು ಶುಮಿ ಎಂಬ ಹೆಸರಿನ ಕಾಣಿಕೆಯನ್ನು ತಾವಾಗಿ, ಒಕ್ಕಲು ಕಂದಾಯವನ್ನು ಸಲ್ಲಿಸುವಂತೆ, ವರ್ಷವರ್ಷವೂ ಸಲ್ಲಿಸುವ ರೂಢಿಯುಂಟು. ಬರ್ಕ್ಲಿಯ ನಮ್ಮ ವಿಶ್ವವಿದ್ಯಾನಿಲಯದ ಭಾಷಾಶಾಸ್ತ್ರ ವಿಭಾಗದ ಚರಿತ್ರೆಯಲ್ಲಿಯೂ ಒಂದು ಎಳೆಯಿದೆ. ಅದನ್ನು ಕನ್ನಡಿಗನು ಹೇಳದೆ ಇರಲಾರ. ಕೋಟಗಿರಿಯ ಸುತ್ತಿನ ಕೋತರ ನುಡಿಯನ್ನೂ ಕೊಡಗಿನ ನುಡಿಯನ್ನೂ ಕಲಿತು ಬಂದು, ಬರೋ ಅವರೊಡನೆ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ಪ್ರಕಟಿಸಿದ ಎಮೆನೊ ಅವರು ಇಲ್ಲಿಯ ಪ್ರಾಧ್ಯಾಪಕರಾಗಿದ್ದರು. ಕ್ಯಾಲಿಫೋರ್ನಿಯಾದ ಕರೂಕ್ ನುಡಿಯ ವ್ಯಾಕರಣವನ್ನು ಬರೆದ ಕೈಯಿಂದಲೇ 1958ರಲ್ಲಿ ಆಡುಗನ್ನಡದ ವ್ಯಾಕರಣವನ್ನೂ ಬರೆದ ವಿಲಿಯಂ ಬ್ರೈಟ್ ಇಲ್ಲಿಯ ವಿದ್ಯಾರ್ಥಿಯಾಗಿದ್ದರು. ಭಾಷಾಶಾಸ್ತ್ರಜ್ಞರಾದ ಉಲ್ಡಾಲ್ ಅವರು ಆ ಜನರ ಹಿರಿಯರಿಂದ ಕೇಳಿ ಬರೆದುಕೊಂಡಿದ್ದ ನಿಸೆನಾನ್ ಕಥೆಗಳೂ ಪದಕೋಶವೂ ಶಿಪ್ಲಿ ಅವರ ಪರಿಷ್ಕರಣದಲ್ಲಿ ಹೊರಬಂದದ್ದು 1966ರಲ್ಲಿ, ಇದೇ ವಿಶ್ವವಿದ್ಯಾನಿಲಯದ ಗ್ರಂಥಮಾಲೆಯಲ್ಲಿ. ಎಂದರೆ, ಆ ಜನರ ಹೆಸರನ್ನು ಅಳಿಸಿ ಎರಡು ವರ್ಷಗಳಾಗುವಷ್ಟರಲ್ಲಿ ಅವರ ನುಡಿಯ ಕೋಶ ಅಚ್ಚಾಯಿತು.

ಇಷ್ಟನ್ನು ಹೇಳಿದ ಮೇಲೆ ನನ್ನ ಬಿನ್ನಹ ಸಣ್ಣದು. ಶಾಲೆಯ ಮೂವತ್ತೆಂಟು ವರ್ಷಗಳ ನಡವಳಿಗಳು, ಪತ್ರಗಳು, ಹಳೆಯ ವಿದ್ಯಾರ್ಥಿಗಳ ನೆನಪುಗಳು ಇವನ್ನು ಒಂದೆಡೆ ಕೂಡಿಸಬೇಕು. ಅನಂತರದ ಪುನಾರಚನೆಗಳ ವರ್ಷಗಳನ್ನು, ಯಾವ ಪ್ರಯತ್ನ ಏಕೆ ನಿಲ್ಲಲಿಲ್ಲವೆಂಬುದನ್ನೂ ಬಿಡದೆ, ಅದಕ್ಕೆ ಸೇರಿಸಬೇಕು. ಇನ್ನೂರು ಎಕರೆ ಕಾಡು, ಹಳೆಯ ಮಾಡುಗಳು, ಬೆಂಕಿಯ ಭಯಕ್ಕಾಗಿ ಪ್ರತಿವರ್ಷವೂ ಸವರಬೇಕಾದ ಪೊದೆ, ಇವುಗಳ ಭಾರವು ಒಂದು ಸಣ್ಣ ಶಾಲೆಯ ಹೆಗಲನ್ನು ಹೇಗೆ ಬಗ್ಗಿಸುವುದೆಂಬುದನ್ನು ಮುಂದೆ ಶಾಲೆಯನ್ನು ಕಟ್ಟುವವನು ತಿಳಿಯಬೇಕು. ವುಲ್ಮನ್ ಶಾಲೆ ಮುಚ್ಚಿದ ಮರುವರ್ಷವೇ, 2002ರಲ್ಲಿ, ಕೊಲ್ಲಿಯ ಆಚೆ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೊ ಫ್ರೆಂಡ್ಸ್ ಶಾಲೆಯು, ವೆಲೆನ್ಸಿಯಾ ಬೀದಿಯಲ್ಲಿ ಲಿವೈ ಸ್ಟ್ರಾಸ್ ಸಂಸ್ಥೆಯ ಹಳೆಯ ಕಾರ್ಖಾನೆಯೊಳಗೆ ಈಗ ಪಾಠ ಹೇಳುತ್ತಿರುವುದು. ನಗರದ ನಡುವೆ ಬೇರೊಂದು ರೀತಿಯಲ್ಲಿ ನಿಮ್ಮ ಮೌನವು ಮಕ್ಕಳಿಗೆ ತಲಪುತ್ತಿರುವುದು. ಅಲ್ಲಿಯ ಮಕ್ಕಳಿಗೂ ಈ ಕಡತವನ್ನು ತೋರಿಸಿರಿ. ಶುಮಿಯ ಮೇಲ್ಪಂಕ್ತಿಯನ್ನನುಸರಿಸಿ ಯುಲಿಚಾಕ್ಕೆಂದು ನಿಮ್ಮ ವಾರ್ಷಿಕ ಲೆಕ್ಕದಲ್ಲಿ ಒಂದು ಬಾಬನ್ನು ತೆರೆಯಿರಿ. ಅದಕ್ಕೆ ನನ್ನ ಪಾಲನ್ನು ನಾನು ಕೊಡುವೆನು. ಅದರ ವಿನಿಯೋಗದ ವರದಿಯನ್ನು ನಾವು ಅವರಿಂದ ಕೇಳಬಾರದು.

ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮಲ್ಲಿ ಕೆಲವರು ಆ ಮರಗಳ ಕೆಳಗೆ ವಿವಾಹವಾದಿರಿ, ಕೆಲವರು ಅಲ್ಲಿ ಸ್ನೇಹಿತರ ಬೂದಿಯನ್ನು ತೂರಿದಿರಿ. ಮತ್ತೆ ಹೋಗಿ ನೋಡಬೇಕೆನ್ನಿಸುವುದು ಸಹಜ. ಬಾವಿಯ ಕಟ್ಟೆಯ ಬಳಿ ನಿಂತಿದ್ದವನಿಗೆ ಅದು ಗೊತ್ತು. ಆದರೆ ಈಗ ಅದು ಬೇರೊಬ್ಬರ ಮನೆ. ಮೊದಲು ಪತ್ರವನ್ನು ಬರೆದು, ಬರಬಹುದೆ ಎಂದು ಕೇಳಿ, ಅವರು ಕರೆಯುವವರೆಗೆ ಕಾಯಿರಿ. ಕರೆಯದಿದ್ದರೂ ಮನಸ್ಸನ್ನು ನೋಯಿಸಿಕೊಳ್ಳಬೇಡಿರಿ. ಕರೆದರೆ, ಓಕ್ ಕಾಯಿ ಉದುರುವ ಕಾಲದಲ್ಲಿ ಹೋಗಿ, ಅವರು ಹೇಳಿದ ಕೆಲಸವನ್ನು ಮಾಡಿ ಬನ್ನಿರಿ. ಆಗ ಗಾಡಿಯಲ್ಲಿ ಜಾಗವಿದ್ದರೆ ನನ್ನನ್ನೂ ಕರೆದೊಯ್ಯಿರಿ. ಸೌದೆ ಒಡೆಯಲು ಕೈಗಳಿಗೆ ಶಕ್ತಿ ಸಾಲದು, ಕಾಯಿ ಹೆಕ್ಕಬಲ್ಲೆ.

ಇತಿ,
ನಿಮ್ಮ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಕನ್ನಡಿಗ